ಅಡ್ವೆಂಚರ್ ಬೈಕಿನ ಒಡೆದ ಟ್ಯಾಂಕ್ ಪ್ಯಾನೆಲ್ ಬದಲಿಸುವ ಬಗೆ: ಎರೆ ಸೀಮೆಯ ಸವಾರರಿಗೆ ಸಮಗ್ರ ಮಾರ್ಗದರ್ಶಿ

ಮಳೆ ಬಿದ್ದ ಎರೆ ಭೂಮಿಯಲ್ಲಿ ಬೈಕ್ ಉರುಳುವುದಕ್ಕೆ ವೇಗ ಬೇಕಾಗಿಲ್ಲ. ಸೇಡಂ, ಚಿಂಚೋಳಿ ಕಡೆಯ ಹೊಲದ ದಾರಿಗಳಲ್ಲಿ, ಶಹಾಪುರದಿಂದ ಸುರಪುರಕ್ಕೆ ಹೋಗುವ ಒಳರಸ್ತೆಗಳಲ್ಲಿ ಮಳೆಗಾಲದಲ್ಲಿ ಓಡಾಡಿದವರಿಗೆ ಇದು ಗೊತ್ತಿದ್ದ ಮಾತೇ. ಟೈರಿಗೆ ಮೆತ್ತಿದ ಮಣ್ಣು ಮುಂದಿನ ಮಡ್‌ಗಾರ್ಡಿನೊಳಗೆ ತುಂಬಿಕೊಂಡು, ಚಕ್ರ ತಿರುಗದೆ ಜಾರಿ, ನಡಿಗೆಯ ವೇಗದಲ್ಲಿದ್ದ ಗಾಡಿ ಒಂದು ಬದಿಗೆ ಒರಗಿಬಿಡುತ್ತದೆ. ಸವಾರನಿಗೂ ಇಂಜಿನ್ನಿಗೂ ಏನೂ ಆಗಿರುವುದಿಲ್ಲ. ಎತ್ತಿ ನಿಲ್ಲಿಸಿ ನೋಡಿದರೆ ಟ್ಯಾಂಕಿನ ಪಕ್ಕದ ಪ್ಲಾಸ್ಟಿಕ್ ಹೊದಿಕೆಯಾದ ಪ್ಯಾನೆಲ್ ಸೀಳಿರುತ್ತದೆ, ಇಲ್ಲವೇ ಅದನ್ನು ಹಿಡಿದಿದ್ದ ಲಾಕ್ ಮುರಿದು ಪ್ಯಾನೆಲ್ ಗಾಳಿಗೆ ಬಡಿದಾಡುತ್ತಿರುತ್ತದೆ. ಹೀರೋ ಎಕ್ಸ್‌ಪಲ್ಸ್, ಕೆಟಿಎಂ 390 ಅಡ್ವೆಂಚರ್, ಸುಝುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್ ಮೊದಲಾದ ಬೈಕುಗಳಲ್ಲಿ ಪ್ಯಾನೆಲಿನ ಆಕಾರ, ಬೋಲ್ಟುಗಳ ಜಾಗ ಬೇರೆ ಬೇರೆಯಾದರೂ ಕೆಲಸದ ಕ್ರಮ ಹೆಚ್ಚುಕಡಿಮೆ ಒಂದೇ.

ಬೋಲ್ಟ್ ಬಿಚ್ಚಿ ಹಾಕುವುದು ಈ ಕೆಲಸದ ಕಾಲುಪಾಲು ಮಾತ್ರ. ಉಳಿದ ಮುಕ್ಕಾಲು ಪಾಲು, ಹಳೆಯದು ಯಾಕೆ ಆ ಜಾಗದಲ್ಲೇ ಮುರಿಯಿತು ಎಂದು ನೋಡಿ, ಹೊಸದು ಯಾವ ಎಳೆತವೂ ಇಲ್ಲದೆ ತಾನಾಗಿ ಕೂರುವಂತೆ ಮಾಡುವುದು. ಪ್ಯಾನೆಲನ್ನು ಹೊರುವ ಲೋಹದ ಪಟ್ಟಿ ಬಗ್ಗಿರುವಾಗಲೇ ಅದರ ಮೇಲೆ ಒತ್ತಿ, ಜಗ್ಗಿ, ಬೋಲ್ಟಿನ ಬಲದಿಂದ ಕೂರಿಸಿದ ಹೊಸ ಪ್ಯಾನೆಲ್ ಮುಂದಿನ ಬೇಸಿಗೆಯನ್ನು ಕಾಣುವುದಿಲ್ಲ.

ಬದಲಿಸಬೇಕೋ, ದುರಸ್ತಿ ಸಾಕೋ

ಮೊದಲು ಪ್ಯಾನೆಲಿನ ಒಳಮೈಯನ್ನು ನೋಡಬೇಕು. ಅಲ್ಲಿ ಎರಡು ಕೋನಚಿಹ್ನೆಗಳ ನಡುವೆ ಪ್ಲಾಸ್ಟಿಕ್ಕಿನ ಜಾತಿಯನ್ನು ಸೂಚಿಸುವ ರೋಮನ್ ಅಕ್ಷರಗಳು ಅಚ್ಚಾಗಿರುತ್ತವೆ. ಐಎಸ್‌ಒ 11469 ಎಂಬ ಅಂತಾರಾಷ್ಟ್ರೀಯ ಮಾನಕದ ಪ್ರಕಾರ ಹಾಕುವ ಗುರುತು ಇದು. ಬಣ್ಣ ಹೊಡೆದ, ಹೊಳೆಯುವ ಪ್ಯಾನೆಲುಗಳು ಸಾಮಾನ್ಯವಾಗಿ ಎಬಿಎಸ್ ಎಂಬ ಜಾತಿಯ ಪ್ಲಾಸ್ಟಿಕ್ ಆಗಿರುತ್ತವೆ (ಬ್ರೇಕಿನ ಎಬಿಎಸ್ ಬೇರೆ). ಬಣ್ಣವಿಲ್ಲದ, ಒರಟು ಮೈಯ ಕಪ್ಪು ಭಾಗಗಳು ಬಹುಮಟ್ಟಿಗೆ ಪಿಪಿ, ಅಂದರೆ ಪಾಲಿಪ್ರೊಪಿಲೀನ್. ಈ ವ್ಯತ್ಯಾಸ ತಿಳಿಯದೆ ದುರಸ್ತಿಗೆ ಕೈಹಾಕಿದರೆ ಹಣವೂ ಸಮಯವೂ ವ್ಯರ್ಥ. ಎಬಿಎಸ್ ಅಸಿಟೋನ್ ಎಂಬ ದ್ರಾವಕದಲ್ಲಿ ಕರಗುತ್ತದೆ, ಹಾಗಾಗಿ ಅದೇ ಪ್ಲಾಸ್ಟಿಕ್ಕಿನ ಚೂರುಗಳನ್ನು ಅಸಿಟೋನಿನಲ್ಲಿ ಕರಗಿಸಿ ಮಾಡಿದ, ಗಂಜಿಯಂಥ ಗಟ್ಟಿ ಸರಿಯಿಂದ ಸೀಳನ್ನು ಬೆಸೆಯಬಹುದು. ಪಿಪಿಗೆ ಯಾವ ಮಾಮೂಲಿ ಅಂಟೂ ಹಿಡಿಯುವುದಿಲ್ಲ; ಎಂ-ಸೀಲ್ ಹಚ್ಚಿದರೂ ಕೆಲವೇ ದಿನಗಳಲ್ಲಿ ಚಕ್ಕೆಯಾಗಿ ಏಳುತ್ತದೆ. ಅದಕ್ಕೆ ಬಿಸಿ ಬೆಸುಗೆಯೇ ಆಗಬೇಕು.

ಸೀಳು ಪ್ಯಾನೆಲಿನ ನಡುಭಾಗದಲ್ಲಿದ್ದು, ಲಾಕುಗಳೂ ಬೋಲ್ಟಿನ ತೂತುಗಳೂ ಗಟ್ಟಿಯಾಗಿದ್ದರೆ ದುರಸ್ತಿ ಸಾಕು. ಬೋಲ್ಟಿನ ತೂತೇ ಕಿತ್ತುಹೋಗಿದ್ದರೆ, ಎರಡಕ್ಕಿಂತ ಹೆಚ್ಚು ಲಾಕ್ ಮುರಿದಿದ್ದರೆ, ಅಥವಾ ಪ್ಯಾನೆಲಿನ ಅಂಚು ಹ್ಯಾಂಡಲ್ ತಿರುಗುವ ದಾರಿಗೆ ಅಡ್ಡ ಬರುವಂತಿದ್ದರೆ ಬದಲಿಸುವುದೇ ಸರಿ. ಮೂರನೆಯ ಕಾರಣ ನೋಟದ ಪ್ರಶ್ನೆಯೇ ಅಲ್ಲ: ತಿರುವಿನಲ್ಲಿ ಹ್ಯಾಂಡಲಿಗೆ ಸಿಕ್ಕಿಕೊಂಡ ಪ್ಯಾನೆಲಿನ ತುಂಡು ಅಪಘಾತಕ್ಕೆ ಸಾಕು.

ವಿಮೆಯಿಂದ ಮಾಡಿಸೋಣ ಎಂದು ಹಲವರು ಯೋಚಿಸುತ್ತಾರೆ. ಸಾಮಾನ್ಯ ಪಾಲಿಸಿಯಲ್ಲಿ ರಬ್ಬರ್, ನೈಲಾನ್, ಪ್ಲಾಸ್ಟಿಕ್ ಭಾಗಗಳಿಗೆ ಗಾಡಿ ಎಷ್ಟು ಹೊಸದಿದ್ದರೂ 50% ಸವಕಳಿ ಕಳೆಯುತ್ತಾರೆ. ಕ್ಲೇಮ್ ಮಾಡಿದರೆ 20%ರಿಂದ ಆರಂಭವಾಗುವ ನೋ ಕ್ಲೇಮ್ ಬೋನಸ್ಸೂ, ಅಂದರೆ ನವೀಕರಣದ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿಯೂ, ಕೈತಪ್ಪುತ್ತದೆ. ಸವಕಳಿ ಕಳೆಯದ ಜೀರೋ ಡೆಪ್ ಪಾಲಿಸಿ ಇಲ್ಲದಿದ್ದರೆ ಒಂದೇ ಪ್ಯಾನೆಲಿಗಾಗಿ ಕ್ಲೇಮ್ ಹಾಕುವುದು ನನ್ನ ಲೆಕ್ಕದಲ್ಲಿ ನಷ್ಟದ ವ್ಯವಹಾರ.

ಸರಿಯಾದ ಪ್ಯಾನೆಲ್ ತರಿಸುವುದು

ಕೌಂಟರಿನಲ್ಲಿ ಬೈಕಿನ ಹೆಸರು, ಬಣ್ಣ ಹೇಳಿ ಪ್ಯಾನೆಲ್ ಕೇಳಬಾರದು. ಆರ್‌ಸಿಯಲ್ಲಿರುವ ಚಾಸಿ ನಂಬರ್ ಕೊಡಬೇಕು. 2020ರ ಏಪ್ರಿಲ್ 1ರಿಂದ ಹೊಗೆ ಮಾಲಿನ್ಯದ ಬಿಎಸ್6 ನಿಯಮ ಜಾರಿಯಾದಾಗ ಹಲವು ಮಾಡೆಲುಗಳ ಒಳರಚನೆ ಬದಲಾಯಿತು, 2023ರ ಎರಡನೆಯ ಹಂತದಲ್ಲಿ ಮತ್ತೆ ಕೆಲವು ಬದಲಾದವು. ಹೊರಗಿನಿಂದ ಒಂದೇ ರೀತಿ ಕಾಣುವ ಎರಡು ಪ್ಯಾನೆಲುಗಳ ಹಿಂಬದಿಯ ಲಾಕು ಬೇರೆ ಬೇರೆ ಕಡೆ ಇರುವುದು ಅಪರೂಪವಲ್ಲ. ಎಡ, ಬಲ ಎಂಬುದನ್ನು ಸವಾರ ಸೀಟಿನ ಮೇಲೆ ಕುಳಿತಾಗಿನ ಎಡ, ಬಲವೆಂದೇ ತಿಳಿಯಬೇಕು. ಬೈಕಿನ ಎದುರು ನಿಂತು ಹೇಳಿದರೆ ಉಲ್ಟಾ ಬರುತ್ತದೆ.

ಇನ್ನೊಂದು ವಿಷಯವನ್ನು ಮುಂಚೆಯೇ ಕೇಳಿಕೊಳ್ಳಬೇಕು. ಟ್ಯಾಂಕ್ ಪ್ಯಾನೆಲ್ ಹಲವು ಬೈಕುಗಳಲ್ಲಿ ಒಂದೇ ತುಂಡಲ್ಲ. ಹೊರಗಿನ ಬಣ್ಣದ ಭಾಗ, ಒಳಗಿನ ಕಪ್ಪು ಭಾಗ, ಸ್ಟಿಕ್ಕರ್, ಬೋಲ್ಟಿನ ತೂತಿನಲ್ಲಿ ಕೂರುವ ರಬ್ಬರ್ ಬುಷ್, ಅದರೊಳಗಿನ ಲೋಹದ ಕಾಲರ್ ಇವೆಲ್ಲಕ್ಕೂ ಪ್ರತ್ಯೇಕ ಪಾರ್ಟ್ ನಂಬರ್ ಇರಬಹುದು. ಪ್ಯಾನೆಲ್ ತಂದ ಮೇಲೆ ಸ್ಟಿಕ್ಕರಿಗಾಗಿ ಮತ್ತೆ ಹದಿನೈದು ದಿನ ಕಾಯುವುದಕ್ಕಿಂತ ಒಂದೇ ಆರ್ಡರಿನಲ್ಲಿ ಹಾಕಿಸುವುದು ಲೇಸು. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ತಮ್ಮ ಕಂಪನಿಯ ಷೋರೂಮ್ ಇಲ್ಲದವರು ಹೈದರಾಬಾದಿನಿಂದಲೋ ಸೊಲ್ಲಾಪುರದಿಂದಲೋ ತರಿಸಬೇಕಾಗುತ್ತದೆ. ಪಾರ್ಸೆಲ್ ಬಂದ ಕೂಡಲೇ, ತಂದುಕೊಟ್ಟವರ ಎದುರಿನಲ್ಲೇ ಬಿಚ್ಚಿ, ಹಿಂಬದಿಯ ಲಾಕುಗಳನ್ನು ಬೆರಳಾಡಿಸಿ ನೋಡಬೇಕು. ಸಾಗಣೆಯಲ್ಲಿ ಮುರಿಯುವುದು ಯಾವಾಗಲೂ ಅವೇ.

ಕಡಿಮೆ ಬೆಲೆಯ ಬೇರೆ ತಯಾರಿಕೆಯ ಪ್ಯಾನೆಲುಗಳೂ ಸಿಗುತ್ತವೆ. ಮಡ್‌ಗಾರ್ಡಿನಂಥ ಸರಳ ಭಾಗಕ್ಕೆ ಅವು ನಡೆದಾವು. ನಾಲ್ಕೈದು ಕಡೆ ಒಂದಕ್ಕೊಂದು ಹೊಂದಬೇಕಾದ ಟ್ಯಾಂಕ್ ಪ್ಯಾನೆಲಿಗೆ ಕಂಪನಿಯ ಮಾಲೇ ಆಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಸಲಕರಣೆ, ಜಾಗ, ಹೊತ್ತು

3, 4, 5 ಮಿ.ಮೀ. ಎಲನ್ ಕೀ, 8 ಮತ್ತು 10 ಮಿ.ಮೀ. ಪಾನಾ, ಪ್ಲಸ್ ಸ್ಕ್ರೂಡ್ರೈವರ್ ಇದ್ದರೆ ಬಹುತೇಕ ಬೈಕುಗಳಿಗೆ ಸಾಕು. ಕೆಟಿಎಂ, ಬಿಎಂಡಬ್ಲ್ಯೂ ಬೈಕುಗಳಲ್ಲಿ ಆರು ಮೂಲೆಯ ಸ್ಟಾರ್ ಕೀ ಹಿಡಿಯುವ ಬೋಲ್ಟುಗಳಿರುತ್ತವೆ. ಅವಕ್ಕೆ ಎಲನ್ ಕೀ ತುರುಕಿ ತಿರುಗಿಸಿದರೆ ತಲೆ ಸವೆದು ಆ ಬೋಲ್ಟ್ ಮತ್ತೆ ಬಾರದು. ಇವುಗಳ ಜೊತೆಗೆ ಒಂದು ದಬ್ಬಣ, ಬಟ್ಟೆಗೆ ಹಚ್ಚುವ ಸೋಪಿನ ನೀರು, ಕಾಗದದ ಟೇಪು, ಒಂದು ರಟ್ಟು, ಬಿಚ್ಚಿದ ಪ್ಯಾನೆಲ್ ಮಲಗಿಸಲು ಹಳೆಯ ಕೌದಿ ಇರಲಿ.

ಶಹಾಬಾದ್ ಫರಸಿ ಹಾಸಿದ ಅಂಗಳ ಈ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗ: ಸ್ಟ್ಯಾಂಡ್ ಹೂಳುವುದಿಲ್ಲ, ಬಿದ್ದ ಬೋಲ್ಟ್ ಕಣ್ಣಿಗೆ ಬೀಳುತ್ತದೆ. ಎರೆ ನೆಲದ ಮೇಲೆ ಬಿದ್ದ ಕಪ್ಪು ವಾಷರನ್ನು ಹುಡುಕುವ ಕಷ್ಟ ಯಾರಿಗೂ ಬೇಡ. ಹೊತ್ತಿನ ವಿಷಯದಲ್ಲಿಯೂ ಎಚ್ಚರ ಬೇಕು. ಕಲಬುರಗಿಯ ಮೇ ತಿಂಗಳ ನಡುಮಧ್ಯಾಹ್ನ ಬಿಸಿಲಿಗೆ ನಿಂತ ಗಾಡಿಯ ಪ್ಲಾಸ್ಟಿಕ್ ಹಿಗ್ಗಿ ಮೆತ್ತಗಾಗಿರುತ್ತದೆ. ಬೀದರಿನ ಚಳಿಗಾಲದ ಮುಂಜಾನೆ ಅದೇ ಪ್ಲಾಸ್ಟಿಕ್ ಬಗ್ಗದೆ ಟಕ್ಕೆಂದು ಮುರಿಯುತ್ತದೆ. ಬೇಸಿಗೆಯಲ್ಲಾದರೆ ಬೆಳಿಗ್ಗೆ ನೆರಳಿನಲ್ಲಿ, ಚಳಿಗಾಲದಲ್ಲಾದರೆ ಹೊತ್ತೇರಿದ ಮೇಲೆ ಮಾಡುವುದು ಒಳ್ಳೆಯದು.

ಬಿಚ್ಚುವುದು

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಗಾಡಿಯನ್ನು ತೊಳೆಯಬೇಕು. ಇದನ್ನು ಬಿಟ್ಟು ಮುಂದೆ ಹೋಗಬಾರದು. ಎಲನ್ ಬೋಲ್ಟಿನ ತಲೆಯ ಕುಳಿಯಲ್ಲಿ ಎರೆ ಮಣ್ಣು ಒಣಗಿ ಇಟ್ಟಿಗೆಯಂತೆ ಗಟ್ಟಿಯಾಗಿರುತ್ತದೆ. ಕೀ ಮೇಲ್ಮೇಲೆ ಅರ್ಧ ಮಾತ್ರ ಇಳಿಯುತ್ತದೆ, ತಿರುಗಿಸಿದ ತಕ್ಷಣ ಮೂಲೆಗಳು ಉರುಟಾಗುತ್ತವೆ. ಪ್ರತಿ ಬೋಲ್ಟಿನ ಕುಳಿಯನ್ನೂ ದಬ್ಬಣದ ಮೊನೆಯಿಂದ ಕೆದಕಿ, ತಳದ ಲೋಹ ಹೊಳೆಯುವುದು ಕಂಡ ಮೇಲೆಯೇ ಕೀ ಹಾಕಬೇಕು. ಸೇಡಂ, ವಾಡಿ, ಮಳಖೇಡದ ಸಿಮೆಂಟ್ ಲಾರಿಗಳ ಹಿಂದೆ ದಿನವೂ ಓಡಾಡುವ ಗಾಡಿಗಳಲ್ಲಿ ಮಣ್ಣಿನ ಬದಲು ಬೂದು ಬಣ್ಣದ ಪದರ ಕಟ್ಟಿರುತ್ತದೆ. ಅದಕ್ಕೂ ಇದೇ ಮದ್ದು.

ಇಗ್ನಿಷನ್ ಬಂದ್ ಮಾಡಿ ಕೀ ತೆಗೆದಿಡಬೇಕು. ಪ್ಯಾನೆಲ್ ಕೆಲಸಕ್ಕಾಗಿ ಬ್ಯಾಟರಿ ಬಿಚ್ಚುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಪ್ರತಿ ಹೆಜ್ಜೆಗೂ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಬೇಕು. ರಟ್ಟಿನ ಮೇಲೆ ಪ್ಯಾನೆಲಿನ ಆಕಾರವನ್ನು ಗೀಚಿ, ಬಿಚ್ಚಿದ ಬೋಲ್ಟನ್ನು ಆಯಾ ಜಾಗದಲ್ಲೇ ಚುಚ್ಚಿಡುವ ರೂಢಿ ಒಳ್ಳೆಯದು, ಏಕೆಂದರೆ ಒಂದೇ ದಪ್ಪದ ಬೋಲ್ಟುಗಳ ಉದ್ದ ಬೇರೆ ಬೇರೆ ಇರುತ್ತದೆ. ಗಿಡ್ಡ ಬೋಲ್ಟಿನ ಜಾಗಕ್ಕೆ ಉದ್ದದ್ದು ಹಾಕಿದರೆ ಅದರ ತುದಿ ಒಳಗಿನ ವಯರನ್ನೋ ರೇಡಿಯೇಟರನ್ನೋ ಟ್ಯಾಂಕಿನ ತಗಡನ್ನೋ ಒತ್ತುತ್ತದೆ.

ಬಿಚ್ಚುವ ಕ್ರಮ ಹಿಂದಿನಿಂದ ಮುಂದಕ್ಕೆ: ಮೊದಲು ಸೀಟು, ಆಮೇಲೆ ಸೀಟಿನ ಕೆಳಗಿನ ಸೈಡ್ ಕವರ್, ಕೊನೆಗೆ ಟ್ಯಾಂಕ್ ಪ್ಯಾನೆಲ್. ಸೈಡ್ ಕವರಿನ ಮುಂದಿನ ಅಂಚು ಹಲವು ಬೈಕುಗಳಲ್ಲಿ ಟ್ಯಾಂಕ್ ಪ್ಯಾನೆಲಿನ ಮೇಲೆ ಹತ್ತಿ ಕುಳಿತಿರುವುದರಿಂದ ಈ ಕ್ರಮವನ್ನು ತಪ್ಪಿಸಿದರೆ ಒಳ್ಳೆಯ ಭಾಗವೂ ಮುರಿಯುತ್ತದೆ.

ಬೋಲ್ಟುಗಳ ನಡುವೆ ಕೆಲವು ಕಡೆ ಕಪ್ಪು ಪ್ಲಾಸ್ಟಿಕ್ಕಿನ ಪುಶ್ ಕ್ಲಿಪ್ ಇರುತ್ತವೆ. ಅವನ್ನು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆಯುವುದು ತಪ್ಪು. ನಡುವಿನ ಗುಂಡಿಯನ್ನು ಸುಮಾರು 2 ಮಿ.ಮೀ. ಒಳಕ್ಕೆ ಒತ್ತಿದರೆ ಹಿಂದಿನ ಕಾಲುಗಳು ಮಡಚಿಕೊಂಡು ಇಡೀ ಕ್ಲಿಪ್ ಸುಲಭವಾಗಿ ಹೊರಬರುತ್ತದೆ. ಮರಳಿ ಹಾಕುವ ಮೊದಲು ಹಿಂದಿನಿಂದ ಗುಂಡಿಯನ್ನು ತಳ್ಳಿ ತಲೆಯಿಂದ ಮೇಲೆ ನಿಲ್ಲುವಂತೆ ಮಾಡಿ, ಕ್ಲಿಪ್ಪನ್ನು ತೂತಿಗಿಳಿಸಿ, ಗುಂಡಿಯನ್ನು ತಲೆಯ ಸಮಕ್ಕೆ ಒತ್ತಬೇಕು. ಗುಂಡಿಯ ಮೇಲೆ ಪ್ಲಸ್ ಗುರುತಿರುವ ಇನ್ನೊಂದು ಜಾತಿಯ ಕ್ಲಿಪ್ಪುಗಳಿವೆ; ಅವುಗಳ ನಡುವಿನ ಪಿನ್ನನ್ನು ತಿರುಗಿಸಿ ಮೇಲೆತ್ತಬೇಕು.

ಎಲ್ಲ ಬೋಲ್ಟುಗಳೂ ಬಂದ ಮೇಲೆಯೂ ಪ್ಯಾನೆಲ್ ಕದಲದಿದ್ದರೆ ಎಳೆಯಬಾರದು. ಎರಡು ಸಾಧ್ಯತೆಗಳಿರುತ್ತವೆ. ಒಳಗಿನ ಪ್ಲಾಸ್ಟಿಕ್ ಗೂಟ ರಬ್ಬರ್ ಬುಷ್ಷಿನೊಳಗೆ ಕುಳಿತಿದ್ದರೆ, ಗೂಟದ ನೇರಕ್ಕೆ, ಆದಷ್ಟು ಅದರ ಹತ್ತಿರದಲ್ಲೇ ಕೈಯಿಟ್ಟು ಸೀದಾ ಹೊರಕ್ಕೆ ಜಗ್ಗಬೇಕು. ಓರೆಯಾಗಿ ಜಗ್ಗಿದರೆ ಗೂಟ ಬುಡದಲ್ಲೇ ಮುರಿಯುತ್ತದೆ. ಬುಷ್ ಒಣಗಿ ಹಿಡಿದುಕೊಂಡಿದ್ದರೆ ನಾಲ್ಕು ಹನಿ ಸೋಪಿನ ನೀರು ಬಿಟ್ಟು ತುಸು ಕಾಯಬೇಕು. ಕೊಕ್ಕೆಯ ಆಕಾರದ ಲಾಕ್ ಇದ್ದರೆ ಪ್ಯಾನೆಲನ್ನು ಮುಂದಕ್ಕೋ ಹಿಂದಕ್ಕೋ ಒಂದು ಬೆರಳಿನಷ್ಟು ಸರಿಸಿದ ಮೇಲೆ ಮಾತ್ರ ಅದು ಬಿಡುತ್ತದೆ. ಹೊಸ ಪ್ಯಾನೆಲ್ ಈಗಾಗಲೇ ಕೈಯಲ್ಲಿರುವುದರಿಂದ ಅದನ್ನು ತಿರುಗಿಸಿ ನೋಡಿದರೆ ಗೂಟ ಎಲ್ಲಿದೆ, ಕೊಕ್ಕೆ ಯಾವ ಕಡೆಗೆ ಬಾಯಿ ತೆರೆದಿದೆ ಎಂಬುದು ಊಹೆಯಿಲ್ಲದೆ ತಿಳಿಯುತ್ತದೆ. ಹೊಸದು ಬರುವ ಮೊದಲೇ ಹಳೆಯದನ್ನು ಬಿಚ್ಚಬೇಡಿ ಎನ್ನುವುದಕ್ಕೆ ಇದೇ ಕಾರಣ.

ಇಂಡಿಕೇಟರ್ ಪ್ಯಾನೆಲಿನ ಮೇಲೆಯೇ ಇದ್ದರೆ, ಪ್ಯಾನೆಲನ್ನು ಅರ್ಧ ಸರಿಸಿ ಕೈಯಲ್ಲಿ ಹಿಡಿದುಕೊಂಡು, ವಯರುಗಳನ್ನು ಜೋಡಿಸುವ ಕಪ್ಲರಿನ ಲಾಕ್ ಒತ್ತಿ ಬಿಡಿಸಬೇಕು. ವಯರ್ ಹಿಡಿದು ಎಳೆಯಬಾರದು.

ಕೆಲವೊಮ್ಮೆ ಬೋಲ್ಟ್ ತಿರುಗುತ್ತಲೇ ಇರುತ್ತದೆ, ಹೊರಬರುವುದಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಹೂತಿರುವ ಹಿತ್ತಾಳೆಯ ನಟ್ ಸಡಿಲವಾಗಿ ಬೋಲ್ಟಿನ ಜೊತೆಗೇ ಸುತ್ತುತ್ತಿದೆ ಎಂದು ಇದರ ಅರ್ಥ. ಪ್ಯಾನೆಲನ್ನು ಮೆಲ್ಲಗೆ ಹೊರಕ್ಕೆ ಒತ್ತಡದಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿದರೆ ಬಹಳಷ್ಟು ಸಲ ಬಿಡುತ್ತದೆ. ಆ ನಟ್ ಇರುವುದು ಉಳಿಯಬೇಕಾದ ಭಾಗದಲ್ಲಾದರೆ, ನಟ್ಟಿನ ಮೇಲೆ ಬಿಸಿ ಸೋಲ್ಡರಿಂಗ್ ಐರನ್ ಇಟ್ಟು, ಸುತ್ತಲಿನ ಪ್ಲಾಸ್ಟಿಕ್ ಮೆತ್ತಗಾದಾಗ ಒಳಕ್ಕೆ ಒತ್ತಿ, ಪೂರ್ತಿ ತಣಿಯಲು ಬಿಟ್ಟರೆ ಅದು ಮತ್ತೆ ಹಿಡಿದುಕೊಳ್ಳುತ್ತದೆ.

ಪ್ಯಾನೆಲಿನ ಹಿಂದೆ ನೋಡಬೇಕಾದದ್ದು

ಹೆಚ್ಚಿನವರು ಅವಸರ ಮಾಡುವುದು ಇಲ್ಲೇ. ಪ್ಯಾನೆಲ್ ಮುರಿಯುವಷ್ಟು ಪೆಟ್ಟು ಬಿದ್ದಾಗ ಅದನ್ನು ಹೊತ್ತಿರುವ ಲೋಹದ ಪಟ್ಟಿ ಕೆಲವು ಮಿ.ಮೀ.ನಷ್ಟಾದರೂ ಒಳಕ್ಕೆ ಬಾಗಿರುತ್ತದೆ. ಪೆಟ್ಟು ಬೀಳದ ಬದಿಯ ಪಟ್ಟಿಯನ್ನು ನೋಡಿ, ಟ್ಯಾಂಕಿನಿಂದ ಅದರ ದೂರವನ್ನು ಸ್ಕೇಲಿನಿಂದ ಅಳೆದು, ಬಾಗಿದ್ದನ್ನು ಅದೇ ಅಳತೆಗೆ ತರಬೇಕು. ಪಟ್ಟಿಗೆ ಬಟ್ಟೆ ಸುತ್ತಿ, ಅಡ್ಜಸ್ಟಬಲ್ ಪಾನಾದಿಂದ ಹಿಡಿದು ಸ್ವಲ್ಪ ಸ್ವಲ್ಪವಾಗಿ ತಿದ್ದಬೇಕು, ಸುತ್ತಿಗೆ ಬೇಡ. ಬೆಸುಗೆಯ ಬುಡದಲ್ಲಿ ಬಿರುಕಿದ್ದರೆ ತಿದ್ದುವ ಗೋಜಿಗೆ ಹೋಗದೆ ಬದಲಿಸಬೇಕು ಅಥವಾ ಮತ್ತೆ ಬೆಸುಗೆ ಹಾಕಿಸಬೇಕು. ಪೆಟ್ರೋಲ್ ಟ್ಯಾಂಕ್ ಗಾಡಿಯ ಮೇಲಿರುವಾಗ ಬೆಸುಗೆ ಹಾಕಲು ಯಾರಿಗೂ ಬಿಡಬಾರದು.

ಕೂಲೆಂಟ್ ಇರುವ ಬೈಕುಗಳಲ್ಲಿ ರೇಡಿಯೇಟರಿನ ರೆಕ್ಕೆಗಳನ್ನೂ ಹೋಸ್ ಪೈಪುಗಳ ಕೀಲುಗಳನ್ನೂ ಪರೀಕ್ಷಿಸಬೇಕು. ಹಸಿರು, ನೀಲಿ ಅಥವಾ ಕೆಂಪು ಕಲೆ ಒಣಗಿ ನಿಂತಿದ್ದರೆ ಸೋರಿಕೆ ಇದೆ ಎಂದರ್ಥ. ವಯರುಗಳು ಯಾವ ದಾರಿಯಲ್ಲಿ ಹಾದಿವೆ ಎಂಬುದನ್ನು ಇನ್ನೊಂದು ಬದಿಯ ಜೊತೆ ಹೋಲಿಸಿ ನೋಡಬೇಕು.

ಆಮೇಲೆ ರಬ್ಬರ್ ಬುಷ್ ಮತ್ತು ಕಾಲರಿನ ಸರದಿ. ಪ್ಯಾನೆಲಿನ ತೂತಿನಲ್ಲಿ ರಬ್ಬರ್ ಬುಷ್, ಅದರೊಳಗೆ ಲೋಹದ ಗಿಡ್ಡ ಕೊಳವೆಯಾದ ಕಾಲರ್, ಅದರ ಮೂಲಕ ಬೋಲ್ಟ್: ಇದು ವ್ಯವಸ್ಥೆ. ಬೋಲ್ಟ್ ಬಿಗಿಯುವುದು ಕಾಲರನ್ನು ಮಾತ್ರ. ಪ್ಯಾನೆಲ್ ರಬ್ಬರಿನಲ್ಲಿ ತೇಲುತ್ತ ತುಸು ಅತ್ತಿತ್ತ ಸರಿಯಲು ಸ್ವತಂತ್ರವಾಗಿರುತ್ತದೆ. ಈ ಸ್ವಾತಂತ್ರ್ಯ ಯಾಕೆ ಬೇಕೆಂಬುದನ್ನು ನಮ್ಮ ಸೀಮೆಯ ಬಿಸಿಲೇ ಲೆಕ್ಕ ಹಾಕಿ ತೋರಿಸುತ್ತದೆ. ಎಬಿಎಸ್ ಪ್ಲಾಸ್ಟಿಕ್ ಒಂದು ಡಿಗ್ರಿ ಸೆಲ್ಸಿಯಸ್ ಏರಿಕೆಗೆ ತನ್ನ ಉದ್ದದ ಪ್ರತಿ ಮೀಟರಿಗೆ ಸುಮಾರು 0.08 ಮಿ.ಮೀ. ಹಿಗ್ಗುತ್ತದೆ, ಉಕ್ಕು ಸುಮಾರು 0.012 ಮಿ.ಮೀ. ಮಾತ್ರ. ಎರಡು ಬೋಲ್ಟುಗಳ ನಡುವೆ 30 ಸೆಂ.ಮೀ. ದೂರವಿದ್ದು, ನಸುಕಿನ ತಂಪಿಗೂ ನಡುಮಧ್ಯಾಹ್ನದ ಬಿಸಿಲಲ್ಲಿ ನಿಂತ ಕಪ್ಪು ಪ್ಯಾನೆಲಿನ ಕಾವಿಗೂ 40 ಡಿಗ್ರಿ ಅಂತರವಾದರೆ, ಪ್ಯಾನೆಲ್ ಹತ್ತಿರಹತ್ತಿರ 1 ಮಿ.ಮೀ. ಬೆಳೆಯುತ್ತದೆ, ಅದನ್ನು ಹಿಡಿದ ಉಕ್ಕಿನ ಚಾಸಿ 0.15 ಮಿ.ಮೀ. ಕೂಡ ಬೆಳೆಯುವುದಿಲ್ಲ. ಕಾಲರ್ ಕಳೆದುಹೋಗಿ, ವಾಷರ್ ಇಟ್ಟು ಬಲವಾಗಿ ಬಿಗಿದ ಪ್ಯಾನೆಲಿನಲ್ಲಿ ಈ ಹಿಗ್ಗು ಹೋಗಲು ಜಾಗವಿಲ್ಲ. ದಿನಕ್ಕೊಂದು ಸಲ ಜಗ್ಗಿಸಿಕೊಂಡು ಬೋಲ್ಟಿನ ತೂತಿನ ಸುತ್ತ ಕೂದಲೆಳೆಯಷ್ಟು ಬಿರುಕುಗಳು ಮೂಡುತ್ತವೆ. ಆಮೇಲೆ ಒಂದು ಸಣ್ಣ ಪೆಟ್ಟು ಸಾಕು.

ಆದ್ದರಿಂದ ಹಳೆಯ ಪ್ಯಾನೆಲಿನಿಂದ ಪ್ರತಿಯೊಂದು ಬುಷ್, ಕಾಲರ್, ಕ್ಲಿಪ್ ನಟ್, ಸ್ಪಂಜಿನ ಪಟ್ಟಿ, ಇಂಜಿನ್ ಕಾವು ತಡೆಯುವ ಬೆಳ್ಳಿ ಬಣ್ಣದ ಹಾಳೆ ಇದ್ದರೆ ಅದನ್ನೂ ಎಣಿಸಿ ಹೊಸದಕ್ಕೆ ವರ್ಗಾಯಿಸಬೇಕು. ಉಗುರಿನಿಂದ ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾದ ಬುಷ್ಷನ್ನು ಎಸೆದು ಹೊಸದು ಹಾಕಬೇಕು.

ಕೂರಿಸುವುದು

ಬೋಲ್ಟ್ ಹಾಕದೆ ಒಮ್ಮೆ ಪ್ಯಾನೆಲನ್ನು ಜಾಗದಲ್ಲಿ ಹಿಡಿದು ನೋಡಬೇಕು. ಎಲ್ಲ ತೂತುಗಳೂ ಎದುರಿನ ತೂತುಗಳಿಗೆ ನೇರವಾಗಿ ಕಂಡರೆ ಸರಿ. ಒಂದು ತೂತು ಅರ್ಧಚಂದ್ರದಂತೆ ಮುಚ್ಚಿಕೊಂಡಿದ್ದರೆ ಪಟ್ಟಿಯನ್ನು ಇನ್ನೂ ತಿದ್ದಬೇಕಾಗಿದೆ. ಪ್ಯಾನೆಲಿನ ತೂತನ್ನು ಡ್ರಿಲ್ಲಿನಿಂದ ಅಗಲ ಮಾಡುವ ಉಪಾಯವನ್ನು ಕೆಲವರು ಹೇಳುತ್ತಾರೆ, ಅದಕ್ಕೆ ಕಿವಿಗೊಡಬಾರದು.

ಇಂಡಿಕೇಟರ್ ಕಪ್ಲರನ್ನು ಟಿಕ್ ಎನ್ನುವವರೆಗೆ ಸೇರಿಸಿ, ಗೂಟಗಳಿಗೆ ಸೋಪಿನ ನೀರು ಸವರಿ, ಕೊಕ್ಕೆಗಳನ್ನು ಮೊದಲು ಸಿಕ್ಕಿಸಿ, ಆಮೇಲೆ ಗೂಟಗಳನ್ನು ಅಂಗೈಯಿಂದ ಒತ್ತಬೇಕು. ಗ್ರೀಸ್ ಅಥವಾ ಇಂಜಿನ್ ಆಯಿಲ್ ಸವರಿದರೆ ಹಲವು ಜಾತಿಯ ರಬ್ಬರ್ ಉಬ್ಬಿ ಹಾಳಾಗುತ್ತದೆ. ಪ್ರತಿ ಬೋಲ್ಟನ್ನೂ ಕೀ ಇಲ್ಲದೆ ಬೆರಳಿನಿಂದಲೇ ಮೂರು ನಾಲ್ಕು ಸುತ್ತು ತಿರುಗಿಸಬೇಕು. ಬೆರಳಿಗೆ ಹತ್ತದ ಬೋಲ್ಟ್ ಓರೆಯಾಗಿ ಹೊಕ್ಕಿದೆ. ಹಿಂದಕ್ಕೆ ತಿರುಗಿಸಿ ತೆಗೆದು ಮತ್ತೆ ಆರಂಭಿಸಬೇಕು. ಎಲ್ಲ ಬೋಲ್ಟುಗಳೂ ಸಡಿಲವಾಗಿ ಹತ್ತಿದ ಮೇಲೆ, ಪ್ಯಾನೆಲಿನ ಅಂಚು ಟ್ಯಾಂಕಿನಿಂದ ಉದ್ದಕ್ಕೂ ಒಂದೇ ಸಂದು ಬಿಟ್ಟಿದೆಯೇ ನೋಡಿ, ನಡುವಿನಿಂದ ಅಂಚಿನ ಕಡೆಗೆ ಬಿಗಿಯುತ್ತ ಹೋಗಬೇಕು.

ಎಷ್ಟು ಬಿಗಿಯಬೇಕೆಂಬುದು ಆಯಾ ಬೈಕಿನ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ. ಲೋಹಕ್ಕೆ ಲೋಹ ಸೇರುವಲ್ಲಿ 6 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿರುವ ಸುಮಾರು 10 ನ್ಯೂಟನ್ ಮೀಟರ್ ಬಿಗಿತ ಪ್ಲಾಸ್ಟಿಕ್ಕಿಗೆ ಹೆಚ್ಚಾಗುತ್ತದೆ. ಬಿಗಿತ ಅಳೆಯುವ ಟಾರ್ಕ್ ಪಾನಾ ಇಲ್ಲದವರು ಎಲನ್ ಕೀಯ ಗಿಡ್ಡ ತುದಿಯನ್ನು ಕೈಯಲ್ಲಿ, ಉದ್ದ ತುದಿಯನ್ನು ಬೋಲ್ಟಿನಲ್ಲಿ ಇಟ್ಟುಕೊಂಡು ಎರಡು ಬೆರಳಿನಿಂದ ತಿರುಗಿಸಿದರೆ ಮಿತಿ ಮೀರುವುದು ಕಷ್ಟ. ಕಾಲರ್ ತಳಮುಟ್ಟಿದ್ದು ಕೈಗೆ ಸ್ಪಷ್ಟವಾಗಿ ತಿಳಿಯುತ್ತದೆ, ಅಲ್ಲಿಂದ ಮುಂದೆ ಒಂದು ಸಣ್ಣ ಒತ್ತು ಸಾಕು.

ಬೋಲ್ಟ್ ಸಡಿಲವಾಗದಿರಲೆಂದು ಹಾಕುವ ಥ್ರೆಡ್ ಲಾಕ್ ದ್ರವವನ್ನು ಪ್ಲಾಸ್ಟಿಕ್ಕಿನ ಹತ್ತಿರ ತರಲೇಬಾರದು. ಲೋಹಕ್ಕೆಂದೇ ಮಾಡಿದ ಆ ದ್ರವ ಎಬಿಎಸ್, ಪಾಲಿಕಾರ್ಬೊನೇಟ್‌ಗಳನ್ನು ಒಳಗಿನಿಂದ ಬಿರುಕುಬಿಡಿಸುತ್ತದೆ. ಬ್ರೇಕ್ ಆಯಿಲ್, ಪೆಟ್ರೋಲುಗಳೂ ಪ್ಲಾಸ್ಟಿಕ್ಕಿಗೆ ಶತ್ರುಗಳೇ. ಹೊಸ ಪ್ಯಾನೆಲಿನ ಮೇಲೆ ಅವು ಚೆಲ್ಲಿದರೆ ಕೂಡಲೇ ಸೋಪಿನ ನೀರಿನಿಂದ ತೊಳೆಯಬೇಕು.

ಸೈಡ್ ಕವರ್, ಸೀಟು ಕೂರಿಸಿದ ಮೇಲೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಕ್ಲಚ್ ಕೇಬಲ್ಲಾಗಲಿ ವಯರಾಗಲಿ ಪ್ಯಾನೆಲಿಗೆ ಉಜ್ಜುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಇಂಜಿನ್ ಚಾಲೂ ಮಾಡಿ ಹ್ಯಾಂಡಲನ್ನು ಮತ್ತೊಮ್ಮೆ ಎರಡೂ ಬದಿಗೆ ತಿರುಗಿಸಿದಾಗ ಇಂಜಿನ್ನಿನ ಸದ್ದು ತಾನಾಗಿ ಏರಿದರೆ ಆಕ್ಸಿಲರೇಟರ್ ಕೇಬಲ್ ಎಲ್ಲೋ ಸಿಕ್ಕಿಕೊಂಡಿದೆ, ಹಾಗೆಯೇ ರಸ್ತೆಗಿಳಿಯಬಾರದು. ಮೊದಲ 50 ರಿಂದ 100 ಕಿ.ಮೀ. ಓಡಿದ ಮೇಲೆ ಬೋಲ್ಟುಗಳನ್ನು ಒಮ್ಮೆ ಮುಟ್ಟಿ ನೋಡಬೇಕು, ಬಿಗಿಯಾಗಿದ್ದರೆ ಮತ್ತೆ ಬಿಗಿಯಬಾರದು.

ದಾರಿಯಲ್ಲೇ ಮುರಿದರೆ

ಚಂದ್ರಂಪಳ್ಳಿ ಅಣೆಕಟ್ಟಿನ ಕಡೆ ಹೋದಾಗಲೋ ನಾರಾಯಣಪುರದ ಹಾದಿಯಲ್ಲೋ ಸೀಳಿದ ಪ್ಯಾನೆಲನ್ನು ಮನೆ ಮುಟ್ಟಿಸಲು ನಾಲ್ಕು ಜಿಪ್ ಟೈ, ಒಂದು ಸಣ್ಣ ಡ್ರಿಲ್ ಬಿಟ್ ಅಥವಾ ಕಾಯಿಸಿದ ಮೊಳೆ ಸಾಕು. ಸೀಳಿನ ಎರಡೂ ಬದಿಗೆ ಜೋಡಿ ತೂತು ಮಾಡಿ ಜಿಪ್ ಟೈಯಿಂದ ಹೊಲಿಯಬೇಕು. ಸೀಳು ನಿಂತ ತುದಿಯಲ್ಲಿ 3 ಮಿ.ಮೀ. ಅಗಲದ ಒಂದು ಗುಂಡು ತೂತು ಮಾಡಿದರೆ ಅದು ಅಲ್ಲಿಂದ ಮುಂದೆ ಓಡುವುದಿಲ್ಲ. ಕಾಯಿಸಿದ ಮೊಳೆಯ ಕೆಲಸವನ್ನು ಪೆಟ್ರೋಲ್ ಟ್ಯಾಂಕಿನಿಂದ ದೂರ, ಬಿಚ್ಚಿದ ಪ್ಯಾನೆಲಿನ ಮೇಲೆ ಮಾತ್ರ ಮಾಡಬೇಕು.

ಬದಲಿಸಿ ತೆಗೆದ ಹಳೆಯ ಪ್ಯಾನೆಲನ್ನು ಗುಜರಿಗೆ ಹಾಕುವ ಮೊದಲು ಗಟ್ಟಿಯಿರುವ ಲಾಕುಗಳನ್ನು ಕೊಯ್ದು ಇಟ್ಟುಕೊಳ್ಳಿ. ಅದು ಎಬಿಎಸ್ ಆಗಿದ್ದರೆ ಒಂದು ಹಿಡಿ ಚೂರುಗಳನ್ನೂ ತೆಗೆದಿಡಿ. ಮುಂದೆ ಇನ್ನೊಂದು ಲಾಕ್ ಮುರಿದಾಗ ಅದೇ ಚೂರುಗಳಿಂದ ಮಾಡಿದ ಅಸಿಟೋನ್ ಸರಿ ಹಚ್ಚಿ, ಕೊಯ್ದಿಟ್ಟ ಲಾಕನ್ನು ಕೂರಿಸಿ, ಒಂದಿಡೀ ದಿನ ಅಲುಗಿಸದೆ ಬಿಟ್ಟರೆ ಹೊಸ ಪ್ಯಾನೆಲಿನ ಖರ್ಚು ಉಳಿಯುತ್ತದೆ. ಅಸಿಟೋನ್ ಬೇಗ ಬೆಂಕಿ ಹಿಡಿಯುವ ದ್ರವವಾದ್ದರಿಂದ ಅದನ್ನು ಕಲಸುವುದು ಬಯಲು ಗಾಳಿಯಲ್ಲಿ, ಗಾಜಿನ ಅಥವಾ ಸ್ಟೀಲಿನ ಪಾತ್ರೆಯಲ್ಲಿ ಆಗಬೇಕು. ಬಳಸಿ ಬಿಸಾಡುವ ತೆಳು ಪ್ಲಾಸ್ಟಿಕ್ ಲೋಟಗಳಲ್ಲಿ ಹಲವು ಅದರಲ್ಲಿ ತಾವೇ ಕರಗಿಹೋಗುತ್ತವೆ.